ಎಡಗೈ ಸುಳಿ

ಕಾಂಪೌಂಡ್ ಮುಗಿದಾಗ ಮೂರೂವರೆ.
ಉಣ್ಣೆಯ ಪ್ಯಾಡು ಬಿಸಿಯೇರಿ
ಶೆಡ್ಡಿನ ತುಂಬ ನೆನೆದ ಕುರಿಯ ವಾಸನೆ.
ಗೀರು ಹೋಗಿವೆ, ಸುಳ್ಳಲ್ಲ.
ಆದರೆ ಕಪ್ಪು ಬಾನೆಟ್ಟಿನ ಮೇಲೀಗ
ಆರಿದ ಗಂಜಿಗೆ ಕಟ್ಟಿದ ಕೆನೆಯಂಥ ಮಂಕು.
ಇದು ರಸ್ತೆ ಮಾಡಿದ್ದಲ್ಲ, ನಾನೇ ಮಾಡಿದ್ದು.
ದೊಡ್ಡ ಗಾಯ ತೆಗೆಯಲು ಹೋಗಿ
ಸಾವಿರ ಸಣ್ಣವನ್ನು ಬಿತ್ತಿ ಬಂದಿದ್ದೇನೆ.

ಬೆಂಚಿನ ಮೇಲೆ ಎರಡು ಬಾಟಲಿ.

ಬಿಳಿಯದು ಜೆ.ಸಿ. ರಸ್ತೆಯ ಘೌಸ್ ಭಾಯಿ ಕೊಟ್ಟದ್ದು.
ಎಣ್ಣೆ ಜಾಸ್ತಿ. ಒಂದು ಸುತ್ತು ಸವರಿದರೆ
ಗೀರುಗೀರಿಗೂ ಹೂರಣ ತುಂಬಿ
ಮುಖ ನೋಡಿಕೊಳ್ಳಬಹುದು.
"ಮೂರು ವಾಶ್ ತಡೆಯುತ್ತೆ," ಅಂದಿದ್ದರು ನಗುತ್ತ,
"ನಾಲ್ಕನೇದಕ್ಕೆ ಗಿರಾಕಿ ನಿನ್ನ ಹತ್ರಾನೇ ಬರ್ತಾನೆ."

ಇನ್ನೊಂದು ಬೂದು ಬಣ್ಣದ್ದು, ನೀರುನೀರು.
ಏನನ್ನೂ ಮುಚ್ಚುವುದಿಲ್ಲ.
ಮೆತ್ತನೆ ಪ್ಯಾಡು, ನಿಧಾನದ ವೇಗ,
ಮೆಷಿನ್ನಿನ ಭಾರದ ಮೇಲೆ ಕೈಭಾರ ಕೂಡದು;
ಅಂಗೈಯಗಲ ಜಾಗಕ್ಕೆ ಆರು ಸಲ ಹೋಗಿ ಬರಬೇಕು,
ಮಗುವಿನ ಬೆನ್ನು ತಟ್ಟಿ ಮಲಗಿಸುವ ಹಾಗೆ,
ನಿದ್ದೆ ಬಂತೆಂದು ಬೇಗ ಕೈ ತೆಗೆದರೆ ಕೆಟ್ಟಿತು.

ಜಯಸಿಂಹ ಅವರು ಪ್ಲಾಸ್ಟಿಕ್ ಕುರ್ಚಿಯಿಂದಲೇ
ಮತ್ತೊಮ್ಮೆ ಗಡಿಯಾರ ನೋಡಿದರು.
"ಭಾನುವಾರ ಬೀಗರು ಬರ್ತಾರಪ್ಪ.
ಅವರು ಹೋಗೋ ತನಕ ಹೊಳೆದರೆ ಸಾಕು.
ಎಲ್ಲ ಆ ಬಟ್ಟೆಯವನ ಕೆಲಸ. ತಿಂಗಳಿಗೆ ಆರುನೂರು ತಗೊಂಡು
ದಿನಾ ಒಣಬಟ್ಟೇಲಿ ಉಜ್ಜಿ ಉಜ್ಜಿ..."
"ಹೆಸರೇನು ಸಾರ್?"
"ಯಾರದು?"
"ಉಜ್ಜೋನದು."
ಅವರು ಯೋಚಿಸಿದರು. ನಿಜಕ್ಕೂ ಯೋಚಿಸಿದರು.
ಏಳು ವರ್ಷದಿಂದ ಬರ್ತಾನೆ, ಎಂಬಷ್ಟೇ ಸಿಕ್ಕಿತು.

ನನಗೆ ಅವನು ಸ್ವಲ್ಪ ಗೊತ್ತು.
ದನ ಕೊಳ್ಳುವವರು ಸುಳಿ ನೋಡುತ್ತಾರಲ್ಲ,
ಹಾಗೆ ಬೆಳಿಗ್ಗೆಯೇ ದೀಪ ಓರೆ ಹಿಡಿದು ನೋಡಿದ್ದೆ.
ಸುಳಿಗಳೆಲ್ಲ ಎಡಕ್ಕೆ ತಿರುಗಿವೆ: ಎಡಚ.
ಟಾಪಿನ ನಡುವೆ ಒಂದು ಗೀರೂ ಇಲ್ಲ: ಕುಳ್ಳ.
ಗಾಜಿನಂಚಿಗೆ ಬಿಳಿ ಕಲೆ: ಬೋರ್‌ವೆಲ್ ನೀರು, ಅದೂ ಅರ್ಧ ಬಕೆಟ್ಟು.
ಮಳೆಮರದ ಅಂಟು ಬಿದ್ದ ಕಡೆ
ಕತ್ತಲಲ್ಲಿ ಕಾಣದೆ ಉಗುರು ಹಾಕಿದ್ದಾನೆ.
ನಾನೂ ಆಸ್ಟಿನ್ ಟೌನಿನಲ್ಲಿ ನಾಲ್ಕು ವರ್ಷ
ಬೆಳಗಾಗುವುದರೊಳಗೆ ಹದಿನೇಳು ಕಾರು ಒರೆಸಿದವನು.
ಹದಿನೇಳಕ್ಕೂ ಒಂದೇ ಬಟ್ಟೆ.
ಯಾವ ಬಾನೆಟ್ಟಿನಲ್ಲಿ ನನ್ನ ಬಲಗೈ
ಇನ್ನೂ ತಿರುಗುತ್ತಿದೆಯೋ.

ಹಳದಿ ಟೇಪು ಹಚ್ಚಿ ಎರಡು ಚೌಕ ಮಾಡಿದೆ.
ಒಂದಕ್ಕೆ ಬಿಳಿ, ಒಂದಕ್ಕೆ ಬೂದು.
ಎರಡೂ ಹೊಳೆದವು. ಬಿಳಿಯದೇ ಒಂದು ಕೈ ಮೇಲು.
"ನೋಡು, ಅದೇ ಇರಲಿ."
ಬಟ್ಟೆಗೆ ಸ್ಪಿರಿಟ್ ಹಾಕಿ ಎರಡನ್ನೂ ಒರೆಸಿದೆ.
ಬಿಳಿಯ ಚೌಕದಲ್ಲಿ ಮಂಕು ಎದ್ದು ಕೂತಿತು,
ಎಲ್ಲಿಗೂ ಹೋಗಿರಲೇ ಇಲ್ಲವೆಂಬಂತೆ.
ಬೂದಿನ ಚೌಕದಲ್ಲಿ ತಗಡಿನ ಚಾವಣಿ, ಟ್ಯೂಬ್‌ಲೈಟು,
ಕತ್ತರಿ ಕಾಣದ ನನ್ನ ಮೀಸೆ.

"ಎಷ್ಟು ಹೊತ್ತಾಗತ್ತೆ?"
"ನಾಳೆ ಸಂಜೆ."
ಕುರ್ಚಿ ಹಿಂದೆ ಸರಿದ ಸದ್ದು. ಆಟೋ ಹುಡುಕಲು ಹೋದರು.

ಡ್ರೈವರ್ ಬಾಗಿಲಿನ ಮಾತು ಮಾತ್ರ ಬೇರೆ.
ಮೀಟರು ಇಟ್ಟರೆ ಬಣ್ಣ ಎಪ್ಪತ್ತು ಮೈಕ್ರಾನು,
ಹಿಂದೆ ಯಾರೋ ಅವಸರದಲ್ಲಿ ತಿಂದುಬಿಟ್ಟಿದ್ದಾರೆ.
ಪಾಲಿಶ್ ಹಚ್ಚುವುದು ಎನ್ನುತ್ತೇವೆ.
ಹಚ್ಚುವುದೇನು, ಕೆರೆಯುವುದೇ.
ಅಲ್ಲಿ ಎರಡೇ ಸಲ ಓಡಿಸಿ ನಿಲ್ಲಿಸಿದೆ.
ಬಿಸಿಲಲ್ಲಿ ಬಗ್ಗಿ ನೋಡಿದರೆ ಹಿಡಿಕೆಯ ಕೆಳಗೆ
ಮೂರೋ ನಾಲ್ಕೋ ಎಡಸುಳಿ ಇನ್ನೂ ಇವೆ.
ಬೀಗರು ಬಗ್ಗುವವರಲ್ಲ.

ಮಾರನೆಯ ಸಂಜೆ, ಬಿಲ್ಲಿನಲ್ಲಿ ಬರೆಯದೆ,
ಎರಡು ಮೈಕ್ರೋಫೈಬರ್ ಬಟ್ಟೆ ಹಿಂದಿನ ಸೀಟಿನಲ್ಲಿಟ್ಟೆ.
"ಇದೇನು?"
"ಅವನಿಗೆ ಸಾರ್. ಒದ್ದೆ ಮಾಡಿ ಒರೆಸೋಕೆ ಹೇಳಿ.
ಹೆಸರು ಕೇಳ್ಕೊಂಡು ಕೊಡಿ."

ವಿಲ್ಸನ್ ಗಾರ್ಡನ್ನಿನ ತಂತಿಗಳನ್ನೆಲ್ಲ ತಲೆಕೆಳಗೆ ಹೊತ್ತು
ಕಾರು ಹಿಂದೆ ಸರಿಯಿತು. ಗೇಟು ದಾಟುವ ಮೊದಲೇ
ಬಾನೆಟ್ಟಿನ ಮೇಲೊಂದು ಮಳೆಮರದ ಎಲೆ.
ಕೈ ಮುಂದೆ ಹೋಯಿತು, ಹಿಂದೆ ತೆಗೆದೆ.
ಬಗ್ಗಿ ಊದಿದೆ.